ಮೋಜಣಿ ಸಾಹೇಬರ ಬಿಸಿಲು

ಅವರ ಎಡಗಣ್ಣಿನ ಸುತ್ತ ಇದ್ದಷ್ಟು ಸುಕ್ಕು ಬಲಗಣ್ಣಿನ ಸುತ್ತ ಇರಲಿಲ್ಲ. ನೌಕರಿಯುದ್ದಕ್ಕೂ ಮೂರು ಕಾಲಿನ ಸ್ಟ್ಯಾಂಡಿನ ಮೇಲಿನ ದುರ್ಬೀನಿಗೆ ಬಲಗಣ್ಣು ಹಚ್ಚಿ, ಎಡಗಣ್ಣು ಮುಚ್ಚಿ, ಮಂದಿಯ ಹೊಲ ಅಳೆದವರು. ನಿವೃತ್ತಿಯಾದ ಮೇಲೂ ಆ ಎಡಗಣ್ಣು ಪೂರ್ತಿ ತೆರೆಯಲೇ ಇಲ್ಲ. ಹೊಸಬರು ನೋಡಿದರೆ ಈ ಮುದುಕ ತಮಗೆ ಕಣ್ಣು ಹೊಡೆಯುತ್ತಿದ್ದಾನೆ ಎಂದೇ ತಿಳಿಯಬೇಕು. ಅಂಗಡಿಯಲ್ಲಿ ಒಬ್ಬಳೇ ಇದ್ದ ನಾನೂ ಮೊದಲ ದಿನ ಹಾಗೇ ತಿಳಿದು, ಕೌಂಟರಿನ ಮೇಲಿದ್ದ ಕತ್ತರಿಯನ್ನು ಕೈಗೆ ತೆಗೆದುಕೊಂಡಿದ್ದೆ.

ಅಫಜಲಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಅಪ್ಪ ನಡೆಸುತ್ತಿದ್ದುದು, ಅಪ್ಪನ ಕೈ ನಡುಗತೊಡಗಿದ ಮೇಲೆ ನಾನು ವಹಿಸಿಕೊಂಡೆ. ಸ್ಟುಡಿಯೊ ಎಂಬುದು ಬೋರ್ಡಿನ ಮೇಲಷ್ಟೇ. ಪಾಸ್‌ಪೋರ್ಟ್ ಸೈಜ್ ಫೋಟೊ, ಝೆರಾಕ್ಸ್, ಲ್ಯಾಮಿನೇಶನ್, ಫೋಟೊಗಳಿಗೆ ಕಟ್ಟು ಹಾಕುವುದು, ಇವೇ ಹೊಟ್ಟೆ ಹೊರೆಯುವ ಕೆಲಸ. ಅದರಲ್ಲಿಯೂ ಹೆಚ್ಚಿನದು ಸತ್ತವರದು. ಯಾರಾದರೂ ತೀರಿಕೊಂಡರೆ ಮನೆಯವರು ಆಧಾರ್ ಕಾರ್ಡು ಹಿಡಿದು ಬರುತ್ತಾರೆ. ಅದರೊಳಗಿನ ಉಗುರಿನಷ್ಟು ಫೋಟೊವನ್ನು ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ, ಗಂಡಸಾದರೆ ಕೋಟು ತೊಡಿಸಿ, ಹೆಂಗಸಾದರೆ ಜರಿ ಸೀರೆ ಉಡಿಸಿ, ಮೈಬಣ್ಣ ತುಸು ತಿಳಿ ಮಾಡಿ ಕೊಡಬೇಕು. ಬದುಕಿದ್ದಾಗ ಕೋಟಿನ ಗುಂಡಿ ಮುಟ್ಟಿರದ ಎಷ್ಟೋ ಮಂದಿಗೆ ನಾನು ಕೋಟು ತೊಡಿಸಿ ಗೋಡೆಗೆ ಕಳಿಸಿದ್ದೇನೆ.

ಮೋಜಣಿ ಸಾಹೇಬರು ಬಂದದ್ದೂ ಕಟ್ಟು ಹಾಕಿಸಲಿಕ್ಕೇ. ಊರೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆ. ಭೂಮಾಪನ ಇಲಾಖೆಯಲ್ಲಿದ್ದು ಆಳಂದ, ಜೇವರ್ಗಿ, ಅಫಜಲಪುರ ಮೂರೂ ತಾಲ್ಲೂಕುಗಳ ಬದು ತುಳಿದು, ಕೊನೆಗೆ ನಮ್ಮೂರಲ್ಲೇ ಮನೆ ಮಾಡಿಕೊಂಡಿದ್ದರು. ಬಗಲಲ್ಲಿದ್ದ ಹಲಗೆಯೊಂದನ್ನು ಕೌಂಟರಿನ ಮೇಲಿಟ್ಟರು. ಅದರ ತುಂಬ ಬಣ್ಣದ ಚುಕ್ಕೆ, ಗೀರು, ಮೆತ್ತಿದ ಗುರುತು. ಯಾರೋ ಕುಂಚ ಒರೆಸಿಕೊಂಡ ಅರಿವೆಯ ಹಾಗೆ ಕಂಡಿತು.

“ಇದು ಇನ್ನೂ ಪೂರ್ತಿ ಆಗಿಲ್ಲೇನ್ರಿ?” ಎಂದೆ.

“ಹಿಂದ ಸರಿ,” ಎಂದರು.

ಸರಿದೆ.

“ಇನ್ನೂ ಸರಿ ಬೇ. ಗ್ವಾಡಿ ತನಕ ಹೋಗು. ಈಗ ಕಣ್ಣು ಅರ್ಧ ಮುಚ್ಚು.”

ಅರ್ಧ ಮುಚ್ಚಿದೆ. ಹಲಗೆಯ ಮೇಲೆ ಇಳಿಹೊತ್ತಿನ ಜೋಳದ ಕಣಿಕೆ ಬಣವೆಯೊಂದು ನಿಂತಿತ್ತು. ಒಂದು ಮಗ್ಗುಲು ಕೆಂಡದ ಬಣ್ಣ, ಇನ್ನೊಂದು ಮಗ್ಗುಲು ನೀಲಿ. ನೀಲಿ ಬಣವೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇದೇನು ಹುಚ್ಚು ಎಂದುಕೊಂಡೆ. ಅವತ್ತು ಸಂಜೆ ಮನೆಗೆ ಹೋಗುವಾಗ ಹಾದಿ ಬದಿಯ ಬಣವೆಯನ್ನು ಬೇಕೆಂದೇ ನಿಂತು ನೋಡಿದೆ. ನೆರಳಿನ ಮಗ್ಗುಲು ನೀಲಿಯೇ ಇತ್ತು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಫೋಟೊದ ಅಂಗಡಿ ಇಟ್ಟುಕೊಂಡು ನಾನು ನೋಡಿದ್ದಾದರೂ ಏನು?

ತರಬೇತಿಗೆಂದು ಹೈದರಾಬಾದಿಗೆ ಹೋಗಿದ್ದಾಗ ಫುಟ್‌ಪಾತಿನ ಮೇಲೆ ಕೊಂಡ, ರಟ್ಟು ಕಿತ್ತುಹೋದ ಒಂದು ಪುಸ್ತಕ ಅವರಿಗೆ ಈ ಚಟ ಹಚ್ಚಿತ್ತು. ಬಹಳ ಹಿಂದೆ ಫ್ರಾನ್ಸಿನಲ್ಲಿ ಕೆಲವರು ಬಣ್ಣದ ಪೆಟ್ಟಿಗೆ ಹೊತ್ತು ಹೊಲಕ್ಕೆ, ಹೊಳೆದಂಡೆಗೆ ಹೋಗಿ, ಬೆಳಕು ಸರಿಯುವುದರೊಳಗೆ ಅದನ್ನು ಹಿಡಿದು ಬರೆಯುತ್ತಿದ್ದರಂತೆ. ಇಂಪ್ರೆಶನಿಸ್ಟರು ಎಂದು ಅವರಿಗೆ ಹೆಸರು. ಸಾಹೇಬರು ಅವರ ಬಗ್ಗೆ ಪಕ್ಕದ ತಾಲ್ಲೂಕಿನ ಬೀಗರ ಹಾಗೆ ಮಾತಾಡುತ್ತಿದ್ದರು. “ಅವರೂ ಬಣವೀನೇ ಬರದಾರ ಬೇ. ಅವರ ಬಣವಿ ಜರಾ ಗುಂಡಗ, ನಮ್ಮವು ಉದ್ದ. ಅಷ್ಟ ಫರಕ್.”

ಅವರ ಚಿತ್ರದಲ್ಲಿ ಎಲ್ಲಿಯೂ ಗೆರೆ ಇರುತ್ತಿರಲಿಲ್ಲ. ಮರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹೊಲ ಅಳೆದವರು ಹೀಗೇಕೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದೆ. “ಜಿಂದಗಿ ಪೂರಾ ಗೆರಿ ಎಳದೇನಿ. ಒಂದ ಗೆರಿಗೂ ಮಂದಿ ಒಪ್ಪಲಿಲ್ಲ. ಅಣ್ಣ ಒಪ್ಪಿದ್ರ ತಮ್ಮ ಒಪ್ಪಾಂಗಿಲ್ಲ. ಇನ್ನ ಗೆರಿ ಎಳ್ಯಾಂಗಿಲ್ಲ ತಂಗಿ, ಸಾಕಾಗೇದ,” ಎಂದು ತಟ್ಟೆಯಲ್ಲಿದ್ದ ಚಹಾ ಸೊರ್ರನೆ ಹೀರಿದರು.

ಕಪ್ಪು ಬಣ್ಣವನ್ನೂ ಅವರು ಕೊಳ್ಳುತ್ತಿರಲಿಲ್ಲ. ಕರಿಮಣ್ಣಿನ ನಾಡಿನಲ್ಲಿ ಕೂತು ಕರಿ ಎಂಬ ಬಣ್ಣವೇ ಇಲ್ಲ ಎನ್ನುತ್ತಿದ್ದರು. ನಾನು ನಕ್ಕಿದ್ದಕ್ಕೆ ಮರುದಿನ ಕಿಸೆಯಲ್ಲಿ ಕರಿಮಣ್ಣಿನ ಹೆಂಟೆ ತಂದು, ನನ್ನ ಗಾಜಿನ ಕೌಂಟರಿನ ಮೇಲಿಟ್ಟು, ನೀರು ಚಿಮುಕಿಸಿ, ಬಿಸಿಲಿಗೆ ತಿರುಗಿಸಿ ತೋರಿಸಿದರು. ಹೌದು, ಒಂದು ಕಡೆ ಕೆಂಪು, ಒಂದು ಕಡೆ ನೇರಳೆ. ಕೌಂಟರ್ ಒರೆಸಿದವಳು ಮಾತ್ರ ನಾನು.

ಒಳ್ಳೆಯವರು ಎನ್ನಬಹುದೇ ಹೊರತು ಮೆತ್ತನೆಯವರು ಎನ್ನಲಾರೆ. ಗಿರಾಕಿಗಳ ಎದುರಿಗೇ ನನ್ನ ಕೆಲಸದಲ್ಲಿ ಕೊಂಕು ತೆಗೆಯುತ್ತಿದ್ದರು. ಬಣ್ಣಕ್ಕೆ ಬೆರೆಸಲು ಪೇಟೆಯ ಎಣ್ಣೆ ತುಟ್ಟಿ ಎಂದು ಗಾಣದ ಅಗಸಿ ಎಣ್ಣೆ ತರುತ್ತಿದ್ದರು. ಚಟ್ನಿಗೆ ಅಗಸಿ ಬೇಕು, ಚಿತ್ರಕ್ಕೂ ಅಗಸಿ ಬೇಕು ಎಂದು ಅವರ ಸೊಸೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆ ಎಣ್ಣೆಯ ಚಿತ್ರ ಬೇಗ ಒಣಗದು. ತಿಂಗಳು ಕಳೆದರೂ ಬೆರಳಿಗೆ ಅಂಟುತ್ತಿತ್ತು. ಕೊಳ್ಳುವವರಂತೂ ಇರಲಿಲ್ಲ. ಗಾಣಗಾಪುರದಲ್ಲಿ ಸಂಗಮದ ಮುಂಜಾವು ಬರೆಯುತ್ತ ಕೂತಾಗ ಲಾಡ್ಜಿನವನೊಬ್ಬ ಬಂದು, “ದತ್ತ ಮಹಾರಾಜರನ್ನ ಬರೀರಿ ಸಾಹೇಬ್ರ, ಕೈಮ್ಯಾಲೆ ಹೋಗ್ತದ,” ಎಂದನಂತೆ. “ಅವರ್ದು ಮೂರು ಮಾರಿ. ನನಗ ಒಂದೂ ಬರಂಗಿಲ್ಲ,” ಎಂದು ಇವರು ಅಂದರಂತೆ. ಸುಳ್ಳಲ್ಲ, ಅವರಿಗೆ ಮನುಷ್ಯರ ಮುಖ ಬರೆಯಲು ನಿಜಕ್ಕೂ ಬರುತ್ತಿರಲಿಲ್ಲ. ಒಮ್ಮೆ ಮೊಮ್ಮಗಳನ್ನು ಬರೆದದ್ದು ಬದನೆಕಾಯಿಯ ಹಾಗಾಗಿತ್ತು.

ಹತ್ತಿರದ ಅತನೂರಿನ ರೈತನೊಬ್ಬ ನನ್ನ ಅಂಗಡಿಗೆ ಎರಡನೆಯ ಸಲ ಬಂದ ದಿನ ಸಾಹೇಬರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಆತ ಮೊದಲ ಸಲ ಬಂದದ್ದು ಹೆಂಡತಿಯ ಆಧಾರ್ ಕಾರ್ಡು ತೆಗೆದುಕೊಂಡು. ಜ್ವರ ನೆಪವಾಗಿ ಆಕೆ ಮಳೆಗಾಲದಲ್ಲಿ ಹೋಗಿದ್ದಳು. ಬೇರೆ ಫೋಟೊ ಒಂದೂ ಇರಲಿಲ್ಲ. ನಾನು ಎಲ್ಲರಿಗೆ ಮಾಡುವಂತೆಯೇ ಮಾಡಿದ್ದೆ, ಹಸಿರು ಜರಿ ಸೀರೆ, ದೊಡ್ಡ ಕುಂಕುಮ, ತಿಳಿ ಮೈಬಣ್ಣ. ಈಗ ಆತ ಅದೇ ಕಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಕೌಂಟರಿನ ಮೇಲೆ ಬೋರಲಾಗಿ ಇಟ್ಟ.

“ಗ್ಲಾಸ್ ಒಡದದೇನ್ರಿ?” ಎಂದೆ.

“ಇಲ್ಲ ಯವ್ವಾ. ಇದನ್ನ ನಿಮ್ಮಲ್ಲೇ ಇಟ್ಕೋರಿ. ನನಗ ಬ್ಯಾಡ.”

“ಯಾಕ್ರಿ? ಚಲೋ ಬಂದದಲ್ಲ?”

ಆತ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡ. “ಚಲೋ ಬಂದದ. ಅದಕ್ಕೇ ಬ್ಯಾಡ. ದಿನಾ ಮುಂಜಾನೆದ್ದು ಇದನ್ನ ನೋಡಿ ನೋಡಿ, ಆಕಿ ಮಾರಿನೇ ಮರ್ಯಾಕತ್ತೇನಿ. ಕಣ್ಣು ಮುಚ್ಚಿದ್ರ ಈ ಹೆಣ್ಮಗಳೇ ಬಂದು ನಿಂದರ್ತಾಳ. ಈಕಿ ಯಾರೋ ಏನೋ. ನನ್ನಾಕಿ ಬರವಲ್ಲಳು.”

ಬೇಕಿದ್ದರೆ ಮೈಬಣ್ಣ ಮೊದಲಿನ ಹಾಗೆ ಮಾಡಿಕೊಡುತ್ತೇನೆ ಎಂದೆ. ಆತ ಬೇಡವೆಂದು ತಲೆಯಾಡಿಸಿದ. ಕಾರ್ಡಿನ ಫೋಟೊ ತೆಗೆಯುವಾಗ ತಲೆಯ ಮೇಲಿನ ಸೆರಗು ತೆಗೆಸಿ, ಕಣ್ಣಿಗೆ ಬೆಳಕು ಬಿಟ್ಟಿದ್ದರಂತೆ. ಅಷ್ಟು ಕಣ್ಣು ತೆರೆದು ಆಕೆ ಯಾರನ್ನೂ ನೋಡಿದವಳೇ ಅಲ್ಲವಂತೆ. ಹೆಂಡತಿ ಒಮ್ಮೆ ಹೋಗಿದ್ದಳು, ಈಗ ಎರಡನೆಯ ಸಲ ಹೋಗುತ್ತಿದ್ದಳು, ಅದೂ ಮನೆಯ ಗೋಡೆಯ ಮೇಲಿಂದಲೇ.

ಸಾಹೇಬರು ಸ್ಟೂಲಿನಿಂದಲೇ ಕೇಳಿದರು. “ಆಕಿನ್ನ ನೀ ಯಾವ ಹೊತ್ತಿನ್ಯಾಗ ನೋಡ್ತಿದ್ದಿ?”

ಆತನಿಗೆ ಪ್ರಶ್ನೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

“ಮನ್ಯಾಗ ಇದ್ದೇ ಇರ್ತಾರಪಾ ಹೆಂಡ್ರು. ಅಲ್ಲಿ ಯಾರು ನೋಡ್ತಾರ? ನೀ ಬರೋಬ್ಬರಿ ನೋಡ್ತಿದ್ದುದು ಯಾವಾಗ? ಎಲ್ಲಿ ಕುಂತು?”

ಆತ ನಾಚಿಕೊಂಡ. ಆ ವಯಸ್ಸಿನ ಗಂಡಸು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಬುತ್ತಿ ತರೂಮುಂದ್ರಿ. ನಾ ನಸುಕಿನ್ಯಾಗ ಹೊಲಕ್ಕ ಹೋಗಿರ್ತಿದ್ದೆ. ಹೊತ್ತು ಮ್ಯಾಲೆ ಬಂದ ಮ್ಯಾಲೆ ಬಾವಿ ಕಟ್ಟಿ ಮ್ಯಾಲೆ ಕುಂತು ಹಾದಿ ನೋಡ್ತಿದ್ದೆ. ಊರ ಕಡಿಂದ ಬದು ಹಿಡದು ಬರ್ತಿದ್ಲು.”

“ಊರು ಮೂಡಲಕ್ಕ ಅಲ್ಲ? ಅಂದ್ರ ಬಿಸಿಲು ಆಕಿ ಬೆನ್ನಿಗೆ.”

“ಹೌದ್ರಿ.”

“ಮಾರಿ ಕಾಣ್ತಿದ್ದಿಲ್ಲ.”

ಆತ ಯೋಚಿಸಿದ. “ಇಲ್ರಿ. ಮಾರಿ ಕಾಣ್ತಿದ್ದಿಲ್ಲ. ಆದ್ರ ಆಕಿನೇ ಅಂತ ಗೊತ್ತಾಗ್ತಿತ್ತು.”

“ಹಂಗಾರ ಮಾರಿ ಯಾಕ ಬೇಕಲೇ ನಿನಗ?” ಎಂದರು ಸಾಹೇಬರು. “ನನಗ ಮಾರಿ ಬರಂಗಿಲ್ಲ. ಆ ಹೊತ್ತು ಬರೀತೇನಿ. ನೋಡೂಣು ಬರ್ತಾಳೇನು.”

ಮಾರ್ಗಶಿರದ ಚಳಿ ಹಿಡಿದಿತ್ತು, ಹೊಲದಲ್ಲಿ ಕಡಲೆ ಗೇಣುದ್ದ ಬಂದಿತ್ತು. ಸಾಹೇಬರು ಟಂಟಂ ಆಟೊ ಹತ್ತಿ ಅತನೂರಿಗೆ ಹೋಗಿ ಬರತೊಡಗಿದರು. ಸುಮ್ಮನಿರಲಾರದೆ ಒಂದು ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಕಡಲೆ ಎಲೆಯ ಮೇಲೆ ಇಬ್ಬನಿ ಕೂತು, ಎದುರು ಬಿಸಿಲಿಗೆ ಹೊಲಕ್ಕೆ ಹೊಲವೇ ಬೆಳ್ಳಗೆ ಉರಿಯುತ್ತಿತ್ತು. ಬಾವಿ ಕಟ್ಟೆಯ ಹತ್ತಿರ ಸಾಹೇಬರು ತಮ್ಮ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಹಲಗೆ ಏರಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಅಷ್ಟೇ ಸಾಕಾಯಿತು. ಪಕ್ಕದ ಹೊಲದವನು ತೊಗರಿ ಬಡಿಯುವುದನ್ನು ಬಿಟ್ಟು, ಕೈಯಲ್ಲಿದ್ದ ಬಡಿಗೆ ಸಮೇತ ಓಡಿ ಬಂದ.

“ನೋಟಿಸ್ ಇಲ್ದ ಮೋಜಣಿಗೆ ಹೆಂಗ ಬಂದ್ರಿ? ನಮ್ಮ ಬಾಂದ ಮುಟ್ಟಿದ್ರ ಸರಿ ಇರಂಗಿಲ್ಲ ನೋಡ್ರಿ.”

ಮೂರು ಕಾಲಿನ ಸ್ಟ್ಯಾಂಡು, ಹಿಂದೆ ಮೋಜಣಿ ಸಾಹೇಬರು. ಆ ಸೀಮೆಯಲ್ಲಿ ಇದಕ್ಕೆ ಬೇರೆ ಅರ್ಥವಿಲ್ಲ. ಸಾಹೇಬರು ತಾವು ನಿವೃತ್ತರು, ಚಿತ್ರ ಬರೆಯಲು ಬಂದವರು ಎಂದು ಹೇಳಿದ್ದನ್ನು ಆತ ನಂಬಲಿಲ್ಲ. ತನ್ನ ಬದು ಸರಿಯದಂತೆ ಕಾಯಲು ಅವರ ಬೆನ್ನ ಹಿಂದೆಯೇ ನಿಂತ. ಹಲಗೆಯ ಮೇಲೆ ಬಣ್ಣ ಬೀಳುತ್ತಾ ಬಂದಂತೆ ಆತನ ಸಂಶಯ ಹೆಚ್ಚಿತು.

“ಬದು ಎಲ್ಲೈತ್ರಿ ಇದರಾಗ? ಎರಡೂ ಹೊಲ ಕೂಡಿಸಿ ಬಿಟ್ಟೀರಲ್ಲ?”

“ಈ ಬಿಸಿಲಿಗೆ ಬದು ಕಾಣಂಗಿಲ್ಲಪಾ. ನೀನೇ ಕಣ್ಣು ಅರ್ಧ ಮುಚ್ಚಿ ನೋಡು.”

ಆತ ಬಡಿಗೆಯನ್ನು ಬಗಲಿಗಿಟ್ಟು ಕಣ್ಣು ಅರ್ಧ ಮುಚ್ಚಿದ. ಬಹಳ ಹೊತ್ತು ನೋಡಿದ. “ಖರೆ ಅದ. ಕಾಣವಲ್ದು,” ಎಂದ. ಆಮೇಲೆ, “ಕಾಣದಿದ್ರೂ ಅದ ಅಲ್ಲ? ಬಾಂದುಕಲ್ಲರೆ ಹಾಕ್ರಿ. ನಾಳೆ ಯಾರರೆ ಇದನ್ನ ಸಾಕ್ಷಿ ಅಂತ ತೋರ್ಸಿದ್ರ?” ಎಂದ.

ಸಾಹೇಬರು ಬೈಯುತ್ತಾರೆ ಎಂದುಕೊಂಡಿದ್ದೆ. ಆದರೆ ರೈತ ಬಾವಿ ಕಟ್ಟೆಯ ಮೇಲಿಂದ ಮೆಲ್ಲಗೆ ಹೇಳಿದ. “ಹಾಕ್ರಿ ಸಾಹೇಬ್ರ. ಆಕಿ ಆ ಕಲ್ಲಿನ ಮ್ಯಾಲೆ ಬುತ್ತಿ ಇಟ್ಟು, ಒಂದೀಟು ನಿಂತು, ಮತ್ತ ಹೊತ್ಕೊಂಡು ಬರ್ತಿದ್ಲು.” ಸಾಹೇಬರು ಕುಂಚದ ತುದಿಯಿಂದ ಬಿಳಿಯ ಒಂದು ಚುಕ್ಕೆ ಇಟ್ಟರು. ಪಕ್ಕದ ಹೊಲದವನು ತೃಪ್ತಿಯಿಂದ ತೊಗರಿಗೆ ಹೋದ.

ಆಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. “ಬಂದೀದಿ ಅಲ್ಲ, ಸುಮ್ಮ ಯಾಕ ನಿಂತೀದಿ? ಬುತ್ತಿ ಗಂಟು ತಲಿ ಮ್ಯಾಲೆ ಇಟ್ಕೊಂಡು ಬದು ಮ್ಯಾಲೆ ನಡಿ.”

ಸ್ಟುಡಿಯೊದಲ್ಲಿ ಎಲ್ಲರಿಗೂ ಗದ್ದ ಎತ್ತಿರಿ, ಭುಜ ಇಳಿಸಿರಿ ಎನ್ನುವವಳು ನಾನು. ಆ ದಿನ ರೈತನ ಬುತ್ತಿಯ ಗಂಟು ಹೊತ್ತು, ಹಾದಿಯ ತನಕ ಹೋಗಿ ತಿರುಗಿ ಬಂದೆ. ಕಡಲೆಯ ಹುಳಿ ನೀರಿಗೆ ಸೀರೆಯ ಅಂಚು ತೋಯ್ದಿತು. “ಹಂಗಲ್ರಿ ಯವ್ವಾ, ನೀವು ಪ್ಯಾಟಿ ನಡಿಗಿ ನಡ್ಯಾಕತ್ತೀರಿ. ಆಕಿ ಜರಾ ಎಡಕ್ಕ ವಾಲ್ತಿದ್ಲು,” ಎಂದು ರೈತ ಕೂಗಿದ. ಮತ್ತೆ ಹೋಗಿ ಎಡಕ್ಕೆ ವಾಲಿ ಬಂದೆ. “ಕಲ್ಲಿನ ಹತ್ರ ನಿಂದರ್ರಿ. ಸೊಂಟಕ್ಕ ಕೈ ಹಚ್ರಿ.” ಹಚ್ಚಿದೆ. “ಈಗ ಬರ್ರಿ.”

ಆ ಸಲ ಆತ ನನ್ನ ನಡಿಗೆ ತಿದ್ದಲಿಲ್ಲ. ಬಿಸಿಲು ನನ್ನ ಬೆನ್ನಿಗಿತ್ತು, ಅವರಿಬ್ಬರ ಮುಖದ ಮೇಲಿತ್ತು. ಇಬ್ಬರೂ ಮುದುಕರು ಕಣ್ಣು ಅರ್ಧ ಮುಚ್ಚಿ ನನ್ನನ್ನೇ ನೋಡುತ್ತಿದ್ದರು, ಆದರೆ ನೋಡುತ್ತಿದ್ದುದು ನನ್ನನ್ನಲ್ಲ. ಹತ್ತಿರ ಹೋದರೆ ಏನೋ ಕೆಟ್ಟೀತು ಎನ್ನಿಸಿ, ಸಾಧ್ಯವಾದಷ್ಟು ನಿಧಾನ ನಡೆದೆ.

ಸ್ವಲ್ಪ ಹೊತ್ತಿಗೆ ಸಾಹೇಬರು ಕುಂಚ ಕೆಳಗಿಟ್ಟು, “ಬೆಳಕು ಹೋತು. ನಡೀರಿ,” ಎಂದರು. ಕಣ್ಣು ಕುಕ್ಕುವ ಬಿಸಿಲಿತ್ತು. ಇಷ್ಟು ಬಿಸಿಲಿನಲ್ಲಿ ಬೆಳಕು ಹೋಯಿತು ಎನ್ನುವವನಿಗೆ ತಲೆ ಸರಿಯಿಲ್ಲ ಎಂದು ಪಕ್ಕದ ಹೊಲದವನು ಟಂಟಂ ಡ್ರೈವರನಿಗೆ ಹೇಳಿದ್ದು ನನಗೆ ಕೇಳಿಸಿತು. ಆ ಒಂದು ಹೊತ್ತಿನ ಬೆಳಕಿಗಾಗಿ ಸಾಹೇಬರು ಇನ್ನೂ ಹಲವು ಮುಂಜಾವು ಹೋಗಬೇಕಾಯಿತು. ಒಮ್ಮೆ ಮೋಡ, ಒಮ್ಮೆ ಇಬ್ಬನಿಯೇ ಬೀಳಲಿಲ್ಲ, ಒಮ್ಮೆ ಅವರಿಗೇ ನೆಗಡಿ.

ಚಿತ್ರ ಕಟ್ಟಿಗೆ ಬಂದಾಗ ಇನ್ನೂ ಹಸಿಯಿತ್ತು. ಅಗಸಿ ಎಣ್ಣೆಗೆ ಪಕ್ಕದ ಹೊಲದ ತೊಗರಿ ಹೊಟ್ಟು ಹಾರಿ ಬಂದು ಅಂಟಿತ್ತು. ನಾನು ಚಿಮಟ ಹಿಡಿದು ತೆಗೆಯಲು ಕೂತರೆ ಕೈ ಹಿಡಿದರು. “ಇರ್ಲಿ ಬಿಡು. ಅದೂ ಆ ಹೊಲದ್ದೇ.” ಗಾಜು ಬಣ್ಣಕ್ಕೆ ತಾಗದಂತೆ ಸುತ್ತ ಪಟ್ಟಿ ಕೊಟ್ಟು ಕಟ್ಟು ಹಾಕಿದೆ. ಹುಣಸೆ ಬೀಜದಷ್ಟೇ ಇದ್ದಳು ಆಕೆ. ನೇರಳೆಯ ಒಂದು ಒತ್ತು, ಅದರ ಒಂದು ಬದಿಗೆ ಹಳದಿಯ ಸಣ್ಣ ಗೀರು. ಮುಖವಿಲ್ಲ, ಕೈಯಿಲ್ಲ, ಸೀರೆಯ ಬಣ್ಣ ಯಾವುದೆಂದು ತಿಳಿಯದು. ಇದನ್ನು ಹೆಂಡತಿ ಎಂದು ಹೇಗೆ ಕೊಡುವುದು ಎಂದು ನನಗೆ ಹೆದರಿಕೆಯಿತ್ತು. ಸಾಹೇಬರಿಗೂ ಇತ್ತು. ರೈತ ಬಂದಾಗ ಅವರು ಚಹಾದ ತಟ್ಟೆಯನ್ನು ಕೈಯಲ್ಲೇ ಹಿಡಿದು ಕುಡಿಯದೆ ಕೂತಿದ್ದರು.

ಆತ ಹತ್ತಿರದಿಂದ ನೋಡಿದ. ಮುಖ ಸಣ್ಣದಾಯಿತು. ಆತ ತಾನಾಗಿಯೇ ಹಿಂದೆ ಸರಿದ, ಬಾಗಿಲ ತನಕ, ಮೆಟ್ಟಿಲಿಳಿದು ರಸ್ತೆಯ ಅಂಚಿನ ತನಕ. ಹಿಂದಿನಿಂದ ಬಂದ ಬೈಕು ಹಾರ್ನ್ ಹೊಡೆಯಿತು. ಆತ ಕದಲಲಿಲ್ಲ.

“ಬಂದ್ಲು,” ಎಂದ.

ಸಾಹೇಬರು ಚಹಾ ಕುಡಿದರು. ನಾನು ಒಳಗೆ ಹೋಗಿ ಬಿಲ್ ಬುಕ್ ಹುಡುಕುವ ನೆಪ ಮಾಡಿ ಅತ್ತೆ.

ನನ್ನ ಜರಿ ಸೀರೆಯ ಫೋಟೊವನ್ನು ಆತನ ಮಗಳು ಬಂದು ಒಯ್ದಳು. ಮಾಲೆ ಹಾಕಲು ಮಂದಿಗೆ ಒಂದು ಮುಖ ಬೇಕಲ್ಲ. ಚಿತ್ರ ಮಾತ್ರ ಆತನ ಪಡಸಾಲೆಯಲ್ಲಿದೆ. ಬೀಗರು ಬಂದು ಇದರಲ್ಲಿ ಆಕೆ ಎಲ್ಲಿದ್ದಾಳೆ ಎಂದು ಕೇಳಿದರೆ ಆತ ಎಲ್ಲರನ್ನೂ ಅಂಗಳಕ್ಕೆ ಇಳಿಸಿ ನಿಲ್ಲಿಸುತ್ತಾನಂತೆ.

ಹೋದ ಬೇಸಿಗೆಯಲ್ಲಿ ಸಾಹೇಬರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಮಗ ಗುರುತಿನ ಚೀಟಿಯೊಂದನ್ನು ಹಿಡಿದು ನನ್ನಲ್ಲಿಗೇ ಬಂದರು. ಕೋಟು ಹಾಕಿರಿ ಎಂದರು, ಹಾಕಿದೆ. ಹಿಂದೆ ನೀಲಿ ಬೇಕೆಂದರು, ತುಂಬಿದೆ. ಮೈಬಣ್ಣ ಇದ್ದಂತೆಯೇ ಬಿಟ್ಟೆ, ಈಗ ಯಾರದನ್ನೂ ತಿಳಿ ಮಾಡುವುದಿಲ್ಲ. ಕೊನೆಗೆ, “ಎರಡೂ ಕಣ್ಣು ಸಮ ಮಾಡ್ರಿ,” ಎಂದರು. ಎರಡು ನಿಮಿಷದ ಕೆಲಸ.

“ಅದು ಆಗಂಗಿಲ್ರಿ,” ಎಂದೆ.

ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ಸುದ್ದಿ ತಿಳಿದು ಅತನೂರಿನ ರೈತ ಅಂಗಡಿಗೆ ಬಂದ. ಮಧ್ಯಾಹ್ನದ ಝಳಕ್ಕೆ ಶಟರನ್ನು ಅರ್ಧ ಇಳಿಸಿದ್ದೆ. ಬಗ್ಗಿ ಒಳಗೆ ಬಂದು ಸ್ಟೂಲಿನ ಹತ್ತಿರ ನಿಂತ, ಕೂಡಲಿಲ್ಲ. ಇಬ್ಬರೂ ಸಾಹೇಬರ ಬಗ್ಗೆ ಅದೂ ಇದೂ ಮಾತಾಡಿದೆವು, ಪಕ್ಕದ ಹೊಲದವನ ಬಾಂದುಕಲ್ಲು ನೆನೆದು ನಕ್ಕೆವು. ಎರಡು ದಿನ ಪೂರಾ ಅವರ ಫೋಟೊದ ಮೇಲೆ ಕೆಲಸ ಮಾಡಿದ್ದೆ, ಹೀಗಾಗಿ ಕಣ್ಣು ಮುಚ್ಚಿದರೆ ಕೋಟು ಹಾಕಿದ ಸಾಹೇಬರೇ ಬರುತ್ತಿದ್ದಾರೆ ಎಂದು ಹೇಳಿದೆ. ಹೇಳುವಾಗ ಅದು ಆತನದೇ ಮಾತು ಎಂದು ನೆನಪಾಯಿತು.

ಆತ ನನ್ನನ್ನು ನೋಡಿದ. “ನೀವು ಅವರನ್ನ ಯಾವ ಹೊತ್ತಿನ್ಯಾಗ ನೋಡ್ತಿದ್ರಿ?” ಎಂದು ಕೇಳಿದ.

ನಾನು ಯೋಚಿಸಬೇಕಾಗಲಿಲ್ಲ. “ಇಳಿಹೊತ್ತಿನ್ಯಾಗ್ರಿ. ಶಟರ್ ಬುಡಕಿಂದ ಬಿಸಿಲು ಒಳಗ ಬರ್ತದಲ್ಲ, ಆಗ. ಬಿಸಿಲು ಸರದಂಗ ಸ್ಟೂಲ್ ಸರಿಸ್ಕೋಂತ ಹೋಗ್ತಿದ್ರು, ಕಾಲ ಮ್ಯಾಲಿನ ಬಿಸಿಲು ಬಿಡ್ತಿದ್ದಿಲ್ಲ.”

ಆತ ಹೊರಗೆ ಬಗ್ಗಿ ಹೊತ್ತು ನೋಡಿದ. ಸ್ಟೂಲನ್ನು ಖಾಲಿಯಾಗಿಯೇ ಬಾಗಿಲ ಕಡೆ ಸರಿಸಿಟ್ಟು, ತಾನು ಗೋಡೆಗೆ ಒರಗಿ ನೆಲದ ಮೇಲೆ ಕೂತ.

“ಇನ್ನ ಜರಾ ಹೊತ್ತು ಅದ. ಕುಂಡ್ರಿ ಯವ್ವಾ,” ಎಂದ.

ನಾನು ಝೆರಾಕ್ಸ್ ಮಷೀನು ಬಂದ್ ಮಾಡಿ ಪಕ್ಕದಲ್ಲಿ ಕೂತೆ.